ಶಿವಯೋಗ ಮಂದಿರ ಅಂದರೆ ಹೊಳೆ ದಂಡೆ

ಇಳಕಲ್
6 ಮೇ 2025, ಮಂಗಳವಾರ, ಬೆಳಿಗ್ಗೆ

ನನ್ನ ಮಗ ಪ್ರಭುಲಿಂಗನಿಗೆ,

ನಿನ್ನ ಅಪ್ಪ ಬೀರಲಿಂಗಪ್ಪ ಮಾಡುವ ಆಶೀರ್ವಾದ. ಬೀರಪ್ಪ ದೇವರು ನಿನ್ನ ಬೆನ್ನಿಗಿರಲಿ. ಮೈಯಲ್ಲಿ ಹುಷಾರಿದ್ದೀಯಾ? ಎಡಗಾಲಿನ ಹಿಮ್ಮಡಿ ಒಡೆದಿತ್ತಲ್ಲ, ಮಾಯ್ದಿದೆಯೋ ಇಲ್ಲವೋ? ಒದ್ದೆ ಕಾಲುಚೀಲ ಹಾಕಿಕೊಂಡು ಮಲಗಬೇಡ ಎಂದು ಎಷ್ಟು ಸಲ ಹೇಳಿದ್ದೇನೆ. ಇಪ್ಪತ್ತೆರಡು ವರ್ಷ ಬೂಟು ಹಾಕಿದವನು ಹೇಳುತ್ತಿದ್ದೇನೆ, ಕೇಳು. ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆಯೇ, ಎಷ್ಟು ತಾಸು ನಿದ್ದೆ, ಎಲ್ಲ ಬರೆ. ಇಲ್ಲಿ ನಾವು ಆರಾಮ ಇದ್ದೇವೆ ಎಂದು ಬರೆದರೆ ಸುಳ್ಳಾದೀತು. ಹನ್ನೆರಡು ದಿನದಿಂದ ನಿನ್ನ ಫೋನ್ ಬಂದ್ ಆಗಿದೆ. ನಿನ್ನ ಹೆಂಡತಿ ಲಲಿತಾ ಪೂರ್ತಿ ಚಾರ್ಜ್ ಆದ ಫೋನನ್ನೇ ಮತ್ತೆ ಮತ್ತೆ ಚಾರ್ಜಿಗೆ ಹಚ್ಚುತ್ತಾಳೆ. ನಿನ್ನ ತಾಯಿ ಮನೆಯಲ್ಲಿ ಟಿವಿ ಹಚ್ಚಗೊಡುವುದಿಲ್ಲ, ಆದರೆ ಪಕ್ಕದ ಮನೆಯ ಟಿವಿಗೆ ಕಿವಿಗೊಟ್ಟು ಕೂತಿರುತ್ತಾಳೆ. ನಾನು ಎಂದಿನಂತೆ ಡ್ಯೂಟಿಗೆ ಹೋಗಿ ಬರುತ್ತಿದ್ದೇನೆ.

ಗ್ರ್ಯಾನೈಟ್ ಫ್ಯಾಕ್ಟರಿಯ ಗೇಟಿನಲ್ಲಿ ನನ್ನ ಕಾನೂನು ಏನೂ ಬದಲಾಗಿಲ್ಲ. ಹೋದ ವಾರ ಮಾಲಕರ ಅಳಿಯ ಬಂದಿದ್ದ. ಅವನ ಹೆಸರು, ಊರು, ಬಂದ ಕೆಲಸ, ಎಲ್ಲ ವಹಿಯಲ್ಲಿ ಬರೆಸಿಕೊಂಡೇ ಒಳಗೆ ಬಿಟ್ಟೆ. ಕಲ್ಲು ತರುವ ಲಾರಿಯ ಮುರ್ತುಜಸಾಬ, "ಹವಾಲ್ದಾರ್ರ, ನಿಮ್ಮ ಗೇಟು ದಾಟೂದಕ್ಕಿಂತ ಆ ಕಲ್ಲಿನ ಗಣಿ ಹತ್ತೂದು ಹಗೂರ ನೋಡ್ರಿ" ಎಂದು ನಗುತ್ತಾನೆ. ನಗಲಿ. ಕಾವಲು ಅಂದರೆ ಕಾವಲು, ಗಡಿಯಲ್ಲಿ ಒಂದು ಥರ, ಗೇಟಿನಲ್ಲಿ ಒಂದು ಥರ ಅಂತಿಲ್ಲ. ಆದರೆ ನಮ್ಮ ಮನೆಯ ಕಾವಲು ಸಡಿಲಾಯಿತು, ಪ್ರಭು. ಅದನ್ನು ಹೇಳಲಿಕ್ಕೇ ಈ ಪತ್ರ.

ನೀನು ಭರ್ತಿಯಾದ ವರ್ಷ ನಾನು ಕೂಡಿಸಿಕೊಟ್ಟ ಗುಟ್ಟಿನ ಮಾತುಗಳು ನೆನಪಿವೆಯಲ್ಲ. ನೀನು ಬಾದಾಮಿಯಲ್ಲಿದ್ದೇನೆ ಅಂದರೆ ಗುಡ್ಡದ ಮೇಲೆ, ಶಿವಯೋಗ ಮಂದಿರದಲ್ಲಿದ್ದೇನೆ ಅಂದರೆ ಹೊಳೆ ದಂಡೆಯಲ್ಲಿ, ಇಳಕಲ್ಲಿನಲ್ಲಿದ್ದೇನೆ ಅಂದರೆ ಬಸ್ಸು ಪೇಟೆ ಇರುವ ದೊಡ್ಡ ಊರಿನಲ್ಲಿ. ಜಾಗದ ಹೆಸರು ಬಾಯಿಂದ ಬರಬಾರದು, ತಾಯಿಯ ಜೀವಕ್ಕೂ ಸಮಾಧಾನವಾಗಬೇಕು ಎಂದು ಮಾಡಿದ ಯುಕ್ತಿ. ಕಡೆಯ ಸಲ ಫೋನ್ ಮಾಡಿದಾಗ ನೀನು, "ಶಿವಯೋಗ ಮಂದಿರಕ್ಕ ಬಂದೇನ್ರಿ ಅಪ್ಪಾ, ಇನ್ನ ಕೆಲವು ದಿನ ಫೋನ್ ಹತ್ತಂಗಿಲ್ಲ, ಅವ್ವಗ ಹೇಳ್ರಿ" ಅಂದಿದ್ದೆ. ಮೊನ್ನೆ ಶನಿವಾರ ಮಧ್ಯಾಹ್ನ ನನ್ನ ನಂಬರಿಗೆ ಒಂದು ಕರೆ ಬಂತು. ಫೋನ್ ಮನೆಯಲ್ಲಿತ್ತು, ನಿನ್ನ ತಾಯಿ ಎತ್ತಿದಳು. ಆ ಕಡೆಯವನು ಹಿಂದಿಯಲ್ಲಿ ರಾಮ್ ರಾಮ್ ಹೇಳಿದ, ನಿನ್ನ ಪಲ್ಟನ್ನಿನ ಹೆಡ್ ಕ್ಲಾರ್ಕ್ ಅಂದ. ರಜೆಯಿಂದ ತಿರುಗಿ ಹೋದವರ ಪಟ್ಟಿ ತಾಳೆ ನೋಡಬೇಕು, ಹುಡುಗ ಮುಟ್ಟಿದನೋ ಇಲ್ಲವೋ, ಈಗ ಎಲ್ಲಿದ್ದಾನೆ ಎಂದು ಕೇಳಿದ. ಭಾಳ ಮರ್ಯಾದೆಯಿಂದ ಮಾತಾಡಿದ. ಅಪ್ಪನ ಪಲ್ಟನ್ ಯಾವುದು, ಯಾವ ಗುಡ್ಡದ ಮೇಲೆ ಚಳಿಗಾಲ ತೆಗೆದರು ಎಂದೆಲ್ಲ ವಿಚಾರಿಸಿದ. ಆಮೇಲೆ ಹುಡುಗ ಮೇಲಿದ್ದಾನೋ ಹೊಳೆ ಕಡೆಗಿದ್ದಾನೋ ಅಂದ. ಹೊಳೆ ದಂಡೆಯಲ್ಲಿ ಎಂದು ಉತ್ತರ ಹೋಯಿತು. ಅಷ್ಟೇ ಆಗಿದ್ದರೆ ತಡಕೊಳ್ಳಬಹುದಿತ್ತು. ಮಾರ್ಚ್ ತಿಂಗಳ ರಜೆಯಲ್ಲಿ ಊಟಕ್ಕೆ ಕೂತಾಗ ನೀನು ಹೇಳಿದ್ದ ಆ ದಂಡೆಯ ಹಳೆಯ ಕಬ್ಬಿಣದ ಸೇತುವೆ, ಮುಚ್ಚಿದ ಸಾಲಿ ಕಟ್ಟಡ, ರೇಷನ್ ಗಾಡಿ ಬರುವ ವಾರ, ಅದೂ ಹೋಯಿತು. ಅವನು ಶುಕ್ರಿಯಾ ಹೇಳಿ ಇಟ್ಟ.

ಅನುಮಾನ ಬಂದದ್ದು ನಿನ್ನೆ ಸಂಜೆ. ನೇಕಾರ ಯಮನೂರಪ್ಪನ ಮಗ ಶ್ರೀಧರ, ನಿನ್ನ ಪಲ್ಟನ್ನಿನವನೇ, ರಜೆ ರದ್ದಾಗಿ ಇವತ್ತು ಹೊರಟಿದ್ದಾನೆ. ನಿನಗೆ ಏನಾದರೂ ಕಳಿಸುವುದಿದ್ದರೆ ಒಯ್ಯುತ್ತೇನೆ ಎಂದು ಮನೆಗೆ ಬಂದಿದ್ದ. ಹೆಡ್ ಕ್ಲಾರ್ಕ್ ಫೋನ್ ಮಾಡಿದ್ದ ಸುದ್ದಿ ತೆಗೆದೆ. ಹುಡುಗ ಚಹಾದ ಬಟ್ಟಲು ಕೆಳಗಿಟ್ಟ. ಅಂಥದೇ ಕರೆ ಅವರ ಮನೆಗೂ ಬಂದಿತ್ತಂತೆ. ಯಮನೂರಪ್ಪ ಮಗ್ಗದ ಮೇಲೆ ಸೀರೆಯ ಸೆರಗಿನ ಎಳೆಗೆ ಒಡಲಿನ ಎಳೆ ಕೂಡಿಸುತ್ತಾ ಕೂತಿದ್ದ, "ಮಗಾ ಏನೂ ಹೇಳಂಗಿಲ್ರಿ, ನಾನೂ ಕೇಳಂಗಿಲ್ಲ, ಎಳಿ ತಪ್ಪತಾವ ಇಡ್ರಿ" ಎಂದು ಇಟ್ಟೇಬಿಟ್ಟನಂತೆ. ಸೈನ್ಯದ ಗೇಟು ಸಹ ನೋಡದ ಮನುಷ್ಯ. ಹಾಗೆ ಫೋನ್ ಮಾಡುವ ಹೆಡ್ ಕ್ಲಾರ್ಕ್ ಪಲ್ಟನ್ನಿನಲ್ಲಿ ಇಲ್ಲವೇ ಇಲ್ಲ, ವೈರಿಗಳ ಕಡೆಯವರು ಹೀಗೆ ಮನೆಮನೆಗೆ ಫೋನ್ ಮಾಡುತ್ತಾರೆ, ಜವಾನರಿಗೆ ಎಚ್ಚರಿಕೆ ಕೊಟ್ಟಿದ್ದಾರೆ ಎಂದು ಶ್ರೀಧರ ಹೇಳಿದ. ಅವನು ಅಲ್ಲೇ ನಿಂತು ತನ್ನ ಸುಬೇದಾರರಿಗೆ ಫೋನ್ ಮಾಡಿ ತಿಳಿಸಿದ. ಯಾರು ಹೇಳಿದರು, ಏನೇನು ಹೇಳಿದರು, ಎಲ್ಲ ಬರಹದಲ್ಲಿ ಬೇಕು ಅಂದರಂತೆ. ಅದಕ್ಕೇ ಇದನ್ನು ಶ್ರೀಧರನ ಕೈಯಲ್ಲಿ ಕೊಡುತ್ತಿದ್ದೇನೆ. ಓದಿದ ಕೂಡಲೇ ನಿನ್ನ ಸಾಹೇಬರ ಮುಂದಿಡು. ನಿನ್ನ ಮೇಲೆ ಮಾತು ಬರಬಹುದು, ಊಟದ ಹೊತ್ತಿನಲ್ಲಿ ಸೇತುವೆಯ ಮಾತು ಯಾಕೆ ಆಡಿದೆ ಎಂದು ಕೇಳಬಹುದು. ಕೇಳಲಿ. ನೀನೊಬ್ಬನೇ ಅಲ್ಲ, ಆ ದಂಡೆಯ ಮೇಲೆ ಇನ್ನೂ ಎಷ್ಟೋ ತಾಯಂದಿರ ಮಕ್ಕಳು ಮಲಗುತ್ತಾರೆ. ನಿಮ್ಮನ್ನು ಅಲ್ಲಿಂದ ಎಬ್ಬಿಸಿ ಬೇರೆ ಕಡೆ ಕಳಿಸಿದರು ಎಂಬ ಸುದ್ದಿ ಬರುವತನಕ ನಾನು ಫೋನ್ ಕೈಯಿಂದ ಕೆಳಗಿಡುವುದಿಲ್ಲ.

ನಿನ್ನ ತಾಯಿಯ ಮೇಲೆ ಸಿಟ್ಟಾಗಬೇಡ. ಅವಳಿಗೆ ಇಂಥದೆಲ್ಲ ತಿಳಿಯುವುದಿಲ್ಲ. ಬರೆದಷ್ಟನ್ನೂ ಅವಳಿಗೆ ಓದಿ ತೋರಿಸಿದ್ದೇನೆ, ಎಲ್ಲದಕ್ಕೂ ಹೂಂ ಅಂದಳು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಬೀರಪ್ಪನ ಗುಡಿಯ ಅರಿಸಿನ ಭಂಡಾರದ ಪೊಟ್ಟಣ ಕಟ್ಟಿದ್ದಾಳೆ. ಭಂಡಾರವನ್ನು ಹಣೆಗೆ ಹಚ್ಚಿಕೊ, ಉಳಿದದ್ದನ್ನು ಎಡಗಡೆಯ ಕಿಸೆಯಲ್ಲಿಡು ಅಂತಾಳೆ. ಹಿಂಡಿಯನ್ನು ಒಬ್ಬನೇ ತಿನ್ನಬೇಡ.

ಲಲಿತಾಳ ನಮಸ್ಕಾರ. ನಿನ್ನ ತಾಯಿ ಮಾಯವ್ವ ಹೆಬ್ಬೆಟ್ಟಿಗೆ ಭಂಡಾರ ಹಚ್ಚಿ ಈ ಹಾಳೆಯ ಮೂಲೆಗೆ ಒತ್ತಿದ್ದಾಳೆ, ಅದೇ ಅವಳ ಆಶೀರ್ವಾದ. ನೆಟ್ಟಗೆ ಹೋದವನು ನೆಟ್ಟಗೆ ಬಾ.

ನಿನ್ನ ದಾರಿ ಕಾಯುವ ಅಪ್ಪ,
ಬೀರಲಿಂಗಪ್ಪ

ಮರೆತ ಮಾತು: ಬಾಗಲಕೋಟೆ ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಗಾಡಿ ಬರುವ ಹೊತ್ತಾಯಿತು, ಶ್ರೀಧರ ಅವಸರ ಮಾಡುತ್ತಿದ್ದಾನೆ. ಮರೆತದ್ದಲ್ಲ, ಮುಚ್ಚಿಟ್ಟದ್ದು. ಫೋನ್ ಮನೆಯಲ್ಲಿರಲಿಲ್ಲ, ನನ್ನ ಕಿಸೆಯಲ್ಲಿತ್ತು. ಗೇಟಿನಲ್ಲಿ ವಹಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಿನ್ನ ತಾಯಿಗೆ "ಆವೋ, ಬೈಠೋ, ಚಾಯ್ ಪೀವೋ" ಬಿಟ್ಟರೆ ಹಿಂದಿ ಬರುವುದಿಲ್ಲ, ನೀನು ಓದುವಾಗಲೇ ನಕ್ಕಿರುತ್ತೀ. ಆ ಫೋನಿನವನು ನನಗೆ ಹವಾಲ್ದಾರ್ ಸಾಬ್ ಅಂದ, ನಿಮ್ಮಂಥ ಹಳೆಯ ಸಿಪಾಯಿಗಳು ಈಗ ಎಲ್ಲಿ ಸಿಗುತ್ತಾರೆ ಅಂದ. ಹದಿನಾಲ್ಕು ವರ್ಷವಾಯಿತು, ಆ ಗುಡ್ಡಗಳ ಸುದ್ದಿಯನ್ನು ನನ್ನಿಂದ ಯಾರೂ ಕೇಳಿರಲಿಲ್ಲ. ಹೇಳುತ್ತಾ ಹೋದೆ. ನಿನ್ನೆ ಶ್ರೀಧರ ಹೋದ ಮೇಲೆ ನಿನ್ನ ತಾಯಿಯೇ, "ನನ್ನ ಹೆಸರು ಬರೀರಿ. ನಾ ಸಾಲಿ ಕಲಿತಾಕಿ ಅಲ್ಲ, ನನಗ ಯಾರು ಏನಂತಾರ? ನಿಮ್ಮ ಹೆಸರು ಹೋದ್ರ ಹುಡುಗನ ಮಾರಿ ಸಣ್ಣದಾಕ್ಕೈತಿ" ಅಂದಳು. ನಾನು ಒಪ್ಪಿ ಬರೆದೆ, ನಾಚಿಕೆಗೇಡಿ. ಒಂಬತ್ತು ವರ್ಷದಲ್ಲಿ ಅವಳು ತನ್ನ ತವರಿನವರಿಗೂ ನಿನ್ನ ಜಾಗ ಹೇಳಿದವಳಲ್ಲ. ಇಲ್ಲಿಂದ ನೇರ ಮಾಜಿ ಸೈನಿಕರ ಕಚೇರಿಗೆ ಹೋಗಿ ನನ್ನ ಬಾಯಿಂದಲೇ ಹೇಳುತ್ತೇನೆ. ಮೇಲೆ ನಿನ್ನ ತಾಯಿ ಅಂತ ಬರೆದಲ್ಲೆಲ್ಲ ಗೀಟು ಹಾಕಲು ಹೊತ್ತಿಲ್ಲ, ನೀನೇ ಹಾಕು. ಯಾರು ಹೇಳಿದರು ಎಂಬಲ್ಲಿ ಹೀಗೆ ಬರೆಸು: ಬೀರಲಿಂಗಪ್ಪ, ನಿವೃತ್ತ ಹವಾಲ್ದಾರ್, ಜವಾನನ ತಂದೆ.