ಹಸುವಿನ ನೆಪದಲ್ಲಿ ಬಂದ ಮಾತು

ಬಾಬುರಾಯನಕೊಪ್ಪಲು
13-2-1996

ನಮ್ಮನೆ ಮಗಳು ಅಣ್ಣಮ್ಮನಿಗೆ ಅತ್ತಿಗೆಯ ಹಾರೈಕೆಗಳು.

ಹೇಗಿದ್ದೀ ತಾಯಿ? ಕೂಸು ನಿದ್ದೆ ಮಾಡುತ್ತದೆಯೇ? ಸೊಂಟಕ್ಕೆ ಬಟ್ಟೆ ಬಿಗಿಯಾಗಿ ಕಟ್ಟಿಕೋ, ತಣ್ಣೀರು ಮುಟ್ಟಬೇಡ, ಕಿವಿಗೆ ಹತ್ತಿ ಇಟ್ಟುಕೋ. ಇದನ್ನೆಲ್ಲ ನಾಗಮಂಗಲದಲ್ಲಿ ನಿನ್ನ ಅತ್ತೆಯೂ ಹೇಳಿರುತ್ತಾರೆ, ಆದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಿತ್ತು.

ನಿಮ್ಮವ್ವನ ವಿಷಯ ಬರೆಯಲೆಂದೇ ಕೂತಿದ್ದೇನೆ. ತುಂಬು ಬಸುರಿ ಎಂದು ನಿನ್ನನ್ನು ಬೆಂಗಳೂರಿನ ಆಸ್ಪತ್ರೆಗೆ ಬರಲು ಯಾರೂ ಬಿಡಲಿಲ್ಲ. ತಲೆಯೊಳಗಿನ ಗೆಡ್ಡೆ ತೆಗೆದರು, ಜೀವಕ್ಕೆ ಭಯವಿಲ್ಲ ಎಂದಷ್ಟೇ ನಿನಗೆ ತಿಳಿಸಿದ್ದೆವು. ಮಾತು ನಿಂತುಹೋಗಿತ್ತು, ಬಲಗೈ ಏಳುತ್ತಿರಲಿಲ್ಲ. ಎಲ್ಲ ಬರುತ್ತದೆ, ಆದರೆ ನಿಧಾನ, ದಿನಾ ಮಾತಾಡಿಸುತ್ತಿರಿ ಎಂದು ಡಾಕ್ಟರು ಮನೆಗೆ ಕಳಿಸಿದರು.

ನಾವು ಮಾತಾಡಿಸಿದ್ದು ಹೇಗೆ ಗೊತ್ತೇ? ಲೋಟ ತೋರಿಸಿ, ‘ಇದೇನು ಹೇಳಿ’ ಎಂದು ಮಗುವನ್ನು ಕೇಳುವ ಹಾಗೆ ಕೇಳುತ್ತಿದ್ದೆವು. ನೋಡಲು ಬಂದ ನೆಂಟರು ಕಿವುಡರಿಗೆ ಕೂಗುವಂತೆ ಕೂಗುತ್ತಿದ್ದರು. ಹಾಲಿನ ಡೈರಿಯಲ್ಲಿ ಊರ ಹೆಂಗಸರನ್ನೆಲ್ಲ ಒಂದೇ ದನಿಗೆ ಸಾಲಾಗಿ ನಿಲ್ಲಿಸುತ್ತಿದ್ದ ನಮ್ಮತ್ತೆ, ಬೋಳುತಲೆಯ ಮೇಲೆ ಸೆರಗೆಳೆದುಕೊಂಡು ಗೋಡೆಯ ಕಡೆ ತಿರುಗಿಬಿಡುತ್ತಿದ್ದರು.

ಮಾವ ಮಾತ್ರ ಮೊದಲಿನಂತೆಯೇ ಜಗಳಕ್ಕೆ ನಿಂತರು. ಅತ್ತೆಯನ್ನು ಕೊಟ್ಟಿಗೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿ, ಹುಲ್ಲು ಹಾಕುತ್ತಾ, ‘ಈ ಕೆಂಪಿಗೆ ಬೂಸಾ ದಂಡ ಕಣಮ್ಮೀ. ನಾಳಿಂದ ನಿಲ್ಲುಸ್ಬುಡ್ತೀನಿ’ ಎನ್ನುವರು. ಅತ್ತೆ ಸಿಟ್ಟಿನಿಂದ ಎಡಗೈ ಆಡಿಸಿದರೆ, ‘ಕೈ ಯಾಕಾಡುಸ್ತೀಯೆ, ಬಾಯಲ್ಲಿ ಯೋಳು’ ಎನ್ನುವರು. ನನಗೆ ತಡೆಯಲಾಗದೆ ಒಂದು ದಿನ, ‘ಯಾಕ್ ಮಾವ ಇಂಗೆ ಗೋಳುಯ್ಕತೀರಿ’ ಎಂದು ಕೇಳಿಯೇಬಿಟ್ಟೆ. ಅವರು ಮೆಲ್ಲಗೆ, ‘ನೀವೆಲ್ಲ ಸೇರ್ಕಂಡು ಅವಳ್ನ ಮಗು ಮಾಡ್ಬುಟ್ರಿ ಕಣವ್ವ. ನಂಗೆ ನನ್ ಎಂಡ್ತಿ ಬೇಕು’ ಎಂದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಪಾಂಡವಪುರದಿಂದ ದನದ ದಲ್ಲಾಳಿ ತಮ್ಮಯ್ಯ ಬಂದ. ಮಾವ ಅತ್ತೆಯ ಎದುರಿಗೇ ಕೆಂಪಿಯ ಹಗ್ಗವನ್ನು ಅವನ ಕೈಗಿಟ್ಟು, ‘ಒಡ್ಕಂಡೋಗು, ಇಲ್ಲಿ ನೋಡ್ಕಳೋರು ಯಾರವ್ರೆ’ ಎಂದರು. ತಮ್ಮಯ್ಯ ಹಗ್ಗ ಎಳೆದ. ಅತ್ತೆಯ ತುಟಿ ಅದುರಿತು, ಕುತ್ತಿಗೆಯ ನರ ಉಬ್ಬಿತು.

‘ಬ್ಯಾ... ಬ್ಯಾಡ.’

ನಾನು ಒಲೆಯ ಮುಂದಿನಿಂದ ಎದ್ದು ಓಡಿಬಂದೆ. ಮಾವ ಅಷ್ಟಕ್ಕೇ ಬಿಡಲಿಲ್ಲ. ‘ಯಾಕ್ ಬ್ಯಾಡ?’

‘ಗಬ್ಬ’ ಎಂದರು ಅತ್ತೆ. ‘ಕೆಂಪಿ... ಗಬ್ಬ.’

ಮಾವ ಹಗ್ಗ ಕಿತ್ತುಕೊಂಡು ಹಸುವಿನೊಂದಿಗೆ ಕೊಟ್ಟಿಗೆಯೊಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ತಮ್ಮಯ್ಯನಿಗೆ ಮೊದಲೇ ಎಲ್ಲ ಹೇಳಿಟ್ಟಿದ್ದರಂತೆ. ಅವನು ಕಾಫಿ ಕುಡಿದು, ಟವೆಲಿನಿಂದ ಕಣ್ಣೊರೆಸಿಕೊಂಡು ಬಸ್ಸಿಗೆ ಹೋದ.

ಈಗ ಒಂದೊಂದೇ ಮಾತು ಬರುತ್ತಿದೆ. ಕೆಲವು ದಿನ ಏನೂ ಬಾರದೆ ಅತ್ತೆ ಊಟದ ತಟ್ಟೆಯನ್ನೇ ತಳ್ಳಿಬಿಡುತ್ತಾರೆ. ಮಾವ ನೆಲ ಒರೆಸಿ, ಬೇರೆ ತಟ್ಟೆ ತಂದು, ಏನೂ ಆಗಿಲ್ಲವೆಂಬಂತೆ ಪಕ್ಕದಲ್ಲಿ ಕೂರುತ್ತಾರೆ. ಸೆರಗು ಸಿಕ್ಕಿಸುವುದು, ಹೊಸದಾಗಿ ಚಿಗುರಿದ ಕೂದಲಿಗೆ ಎಣ್ಣೆ ಹಚ್ಚುವುದು ಎಲ್ಲ ಅವರೇ. ತಾವಾಗಿ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದವರಲ್ಲ ಆ ಮನುಷ್ಯ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವರಿಗೆ ಹೆದರಿಕೊಂಡೇ ಇದ್ದೆ. ಈಗ ಅವರು ಬಂದರೆ ಗೌರವದಿಂದ ಏಳುತ್ತೇನೆ.

ನಿನ್ನ ಮನೆಯ ಹಿರಿಯರಿಗೆ ನಮ್ಮ ನಮಸ್ಕಾರ ತಿಳಿಸು. ಕೂಸಿಗೆ ಸಂಜೆ ದೃಷ್ಟಿ ತೆಗೆಯುವುದನ್ನು ಮರೆಯಬೇಡ. ತಾಯಿ ಮಗಳು ತಣ್ಣಗಿರಿ.

ನಿನ್ನ ಅತ್ತಿಗೆ,
ಯಶೋದಮ್ಮ

ಮತ್ತೆ: ಕಾಗದ ಅಂಚೆಗೆ ಹಾಕಲು ನಿಮ್ಮಣ್ಣ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾರೆ. ಶಿವರಾತ್ರಿ ಕಳೆದು ಬುಧವಾರ ಅತ್ತೆಯನ್ನು ಕರೆದುಕೊಂಡು ನಾಗಮಂಗಲಕ್ಕೆ ಬರುತ್ತಿದ್ದೇವೆ, ಡಾಕ್ಟರು ಒಪ್ಪಿದ್ದಾರೆ. ಅತ್ತೆ ಈಚೆಗೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಒಂದು ಕುಂಬಳಕಾಯಿ ಮಲಗಿಸಿಕೊಂಡು, ಅದು ಜಾರದಂತೆ ಈಗೀಗ ಏಳುತ್ತಿರುವ ಬಲಗೈಯಲ್ಲಿ ಹಿಡಿದು, ಎಡಗೈಯಲ್ಲಿ ನೀರು ಹುಯ್ಯುತ್ತಾ ಅಭ್ಯಾಸ ಮಾಡುತ್ತಿದ್ದಾರೆ. ನಿನ್ನ ಕೂಸಿಗೆ ಅವರೇ ನೀರು ಎರೆಯಬೇಕಂತೆ. ನಾನು ಪಕ್ಕದಲ್ಲೇ ಕೈಯೊಡ್ಡಿಕೊಂಡು ಕೂತಿರುತ್ತೇನೆ. ಬೇಡ ಎನ್ನಬೇಡ ಅಣ್ಣಮ್ಮ, ಹಂಡೆಗೆ ಉರಿ ಹಾಕಿಸಿಡು.