ಅದರಾಗ ತತ್ತಿ ಇರಲಿಲ್ಲ

ಅತ್ತೆಯವರಿಗೆ,

ಸಿಂದಗಿಯ ಮನೆಯಿಂದ ನಿಮ್ಮ ಸೊಸೆ ವೀಣಾ ಮಾಡುವ ನಮಸ್ಕಾರ. ಕೂಸು ಮಧ್ಯಾಹ್ನದ ನಿದ್ದೆಯಲ್ಲಿದೆ. ಅದು ಮಲಗಿದಾಗ ನೀನೂ ಅಡ್ಡಾಗು ಎಂದು ಎಷ್ಟು ಸಲ ಹೇಳಿದ್ದಿರಿ! ಆಗ ಕೂಸು ನಿದ್ದೆಗೆ ಬಿಡುತ್ತಿರಲಿಲ್ಲ, ಈಗ ನೀವು... ಇಲ್ಲ, ಇದನ್ನೂ ನಿಮ್ಮ ಮೇಲೆ ಹಾಕುವುದಿಲ್ಲ. ನೀವು ಹೋಗಿ ವರ್ಷ ತುಂಬಿತು. ನಿಮಗೆ ಹೇಳದೆ ಉಳಿದ ಮಾತು ಒಂದೇ ಸಾಲಿನದು, ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ನುಂಗಿಕೊಳ್ಳುತ್ತೇನೆ. ಅವತ್ತು ನಾನು ಮಾಡಿದ ಬಿಸ್ಕತ್ತಿನಲ್ಲಿ ತತ್ತಿ ಇರಲಿಲ್ಲ.

ಆ ಬೇಸಿಗೆಯಲ್ಲಿ ನಿಮ್ಮ ಮಗ ವಿಜಯಪುರದಿಂದ ಮೊದಲ ಸಲ ಬಿಳಿ ಚಾಕಲೇಟು ತಂದದ್ದು ನೆನಪಿದೆಯೇ? ಬಸ್ಸು ಹಿಪ್ಪರಗಿ ದಾಟುವಷ್ಟರಲ್ಲಿ ಅದು ಪೊಟ್ಟಣದೊಳಗೇ ಕರಗಿ ನೀರಾಗಿತ್ತು. ಮನೆಯಲ್ಲಿ ನೋಡಿದರೆ ಕರೆಂಟಿಲ್ಲ, ಫ್ರಿಜ್ಜು ಬೆಚ್ಚಗೆ. ನಾನು ಅಳುವುದೊಂದು ಬಾಕಿ ಇತ್ತು. ನೀವು ಅದನ್ನು ಒದ್ದೆ ಅರಿವೆಯಲ್ಲಿ ಸುತ್ತಿ ನೀರಿನ ಹರವಿಗೆ ಆನಿಸಿ ಇಟ್ಟಿರಿ. ಸಂಜೆ ಗಟ್ಟಿಯಾದ ಮೇಲೆ ಒಂದು ಚೂರು ಬಾಯಲ್ಲಿಟ್ಟುಕೊಂಡು, "ಇದೆಲ್ಲೀ ಚಾಕಲೇಟು ಬಿಡ, ಪೇಢಾದ ತಂಗಿ ಇದು" ಎಂದು ನಕ್ಕಿರಿ. ಏಳು ತಿಂಗಳ ಬಾಣಂತಿಗೆ ಓವನ್ನಿನ ಹುಚ್ಚು ಯಾಕೆ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಕೂಸಿಗೆ ಹಾಲು ಸಾಲುತ್ತದೋ ಇಲ್ಲವೋ, ಉಸಿರಾಡುತ್ತಿದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಬಗ್ಗಿ ನೋಡುವವಳಿಗೆ ಕೈಗೊಂದು ಕೆಲಸ ಬೇಕಿತ್ತು. ಅದು ನಿಮಗೆ ಗೊತ್ತಾಗಿತ್ತು, ಅಲ್ಲವೇ?

ಶಾಂತವ್ವ ಹಾಲು ಹಾಕಲು ಬಂದ ಒಂದು ಬೆಳಗು. ನನ್ನ ಬಿಸ್ಕತ್ತುಗಳು ಆಗೆಲ್ಲ ಕಲ್ಲು. ನಿಮಗೆ ದವಡೆ ಹಲ್ಲು ಒಂದೂ ಇರಲಿಲ್ಲ. ಆದರೂ ಹಾಲಿನಲ್ಲಿ ಅದ್ದಿ, ಮುಂದಿನ ಹಲ್ಲಿನಿಂದ ಕೆರೆದು ಕೆರೆದು ತಿಂದು, "ಛಲೋ ಆಗ್ಯಾವ" ಎನ್ನುತ್ತಿದ್ದಿರಿ. ಆ ದಿನ ಮಾತ್ರ ಕಟ್ಟೆಯ ಮೇಲೆ ಕೂತು, "ಶಾಂತವ್ವಾ, ನಮ್ಮ ವೀಣಾನ ಬಿಸ್ಕೀಟು ಒಂದು ಒಯ್ಯಿ. ದನದ ಗೂಟಾ ಬಡೀಲಿಕ್ಕೆ ಬರ್ತದ" ಎಂದಿರಿ.

"ಎರಡು ಕೊಡ್ರೀ ಅಜ್ಜಿಯವರ," ಎಂದಳು ಶಾಂತವ್ವ, "ನಮ್ಮ ಮನಿಯವ್ರ ಬಾಯಿ ಮುಚ್ಚಾಕ ಒಂದು ಬೇಕಾಗೇತಿ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಬಾಗಿಲ ಹಿಂದೆ ಕೂಸನ್ನು ಎದೆಗೆ ಹಚ್ಚಿಕೊಂಡು ನಿಂತಿದ್ದ ನನಗೆ ಕಿವಿ ಬಿಸಿಯಾಯಿತು. ಇಂದು ನೆನೆದರೆ ನನಗೂ ನಗು ಬರುತ್ತದೆ. ಅಂದು ಬರಲಿಲ್ಲ. ಬಿ.ಎಸ್ಸಿ. ಫಸ್ಟ್ ಕ್ಲಾಸಿನವಳು ಗೂಟ ಬಡಿಯುವ ಬಿಸ್ಕತ್ತು ಮಾಡುತ್ತಾಳೆ ಎಂದು ಓಣಿಯೆಲ್ಲ ನಗುತ್ತದೆ ಎಂದುಕೊಂಡೆ. ಎಷ್ಟು ಸಣ್ಣ ಮಾತು ನೋಡಿ. ಅದನ್ನೇ ವಾರಗಟ್ಟಲೆ ಒಳಗಿಟ್ಟುಕೊಂಡು ತಿರುಗಿದೆ.

ಆಷಾಢದ ಆ ಮಧ್ಯಾಹ್ನ ನನ್ನ ಕಾಲೇಜಿನ ಗೆಳತಿಯರು ನಾಲ್ಕು ಗಂಟೆಗೆ ಬರುವವರಿದ್ದರು. ಒಬ್ಬಳು ಬ್ಯಾಂಕಿನಲ್ಲಿ, ಇಬ್ಬರು ಕಾಲೇಜಿನಲ್ಲಿ ಪಾಠ ಹೇಳುವವರು. ನನ್ನ ಮೈಗೆ ಹಾಲಿನ ಹುಳಿ ವಾಸನೆ, ತಲೆ ಬಾಚಿ ಎರಡು ದಿನವಾಗಿತ್ತು. ತೋರಿಸಲು ಏನಾದರೂ ಒಂದು ಬೇಕಿತ್ತು. ನೀವೇ ಕಡೆದ ಬೆಣ್ಣೆಯನ್ನು ಸಕ್ಕರೆ, ಬೆಲ್ಲದ ಪುಡಿಯ ಜೊತೆ ನೊರೆಯಾಗುವವರೆಗೆ ತಿಕ್ಕಿದೆ. ತತ್ತಿಯ ಬದಲು ಎರಡು ಚಮಚ ಗಟ್ಟಿ ಮೊಸರು. ಮೈದಾ, ಚಿಟಿಕೆ ಸೋಡಾ, ಚಾಕಲೇಟಿನ ಚೂರು ಸೇರಿಸಿ ಉಂಡೆ ಮಾಡಿ ಒಂದು ತಾಸು ಫ್ರಿಜ್ಜಿನಲ್ಲಿಟ್ಟೆ. ಅಂಚು ಕೆಂಪಾಗಿ ನಡು ಇನ್ನೂ ಹಸಿ ಅನ್ನಿಸುವಾಗಲೇ ಹೊರಗೆ ತೆಗೆಯಬೇಕು, ಗುಟ್ಟು ಅಷ್ಟೇ. ಆ ದಿನದವರೆಗೆ ಹಸಿ ಉಳಿದೀತೆಂದು ಹೆದರಿ ಹೆದರಿ ಇನ್ನೈದು ನಿಮಿಷ, ಇನ್ನೈದು ನಿಮಿಷ ಎಂದು ಬೇಯಿಸುತ್ತಿದ್ದೆ. ನನ್ನ ಅಂಜಿಕೆಯೇ ಅವನ್ನು ಕಲ್ಲು ಮಾಡುತ್ತಿತ್ತು. ನೀವೇ ಹೇಳಿದ್ದಿರಿ: "ಬರ್ಫಿನೂ ಹಂಗ. ಒಲಿಯಿಂದ ಇಳಿದ ಮ್ಯಾಲೇ ಗಟ್ಟಿ ಆಗೂದು. ಕೈ ಹಚ್ಚದ ಬಿಡು." ಅವತ್ತು ಬಿಟ್ಟೆ. ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಿ, ಮುರಿದರೆ ಎಳೆಯಂತೆ ಜಗ್ಗುವಂಥವು ಆದವು.

ನೀವು ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡು ಅಡುಗೆಮನೆಗೆ ಬಂದಿರಿ. ತಟ್ಟೆ ನೋಡಿ ನಿಮ್ಮ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಇವತ್ತ ಮೆತ್ತಗ ಆಗ್ಯಾವಲ್ಲ ವೀಣಾ! ಒಂದು ಕೊಡು ನೋಡೂಣು. ಇವು ನನಗ ನಡೀತಾವ."

ಕೈ ಚಾಚಿದಿರಿ. ನಾನು, "ಅತ್ಯಾರ, ಅದರಾಗ ತತ್ತಿ ಹಾಕೇನ್ರಿ" ಎಂದೆ.

ಯಾಕೆ ಅಂದೆ? ತಟ್ಟೆಯಲ್ಲಿ ಬೇಕಾದಷ್ಟು ಇದ್ದವು. ಗೂಟದ ಮಾತು ಒಳಗೆ ಕುದಿಯುತ್ತಿತ್ತೇ? ಗೆಳತಿಯರ ಮುಂದೆ ತುಂಬಿದ ತಟ್ಟೆ ಇಡುವ ಆಸೆಯೇ? ನಿದ್ದೆ ಇರಲಿಲ್ಲ ಎನ್ನಬಹುದು. ನಿದ್ದೆಯಿಲ್ಲದ ತಾಯಂದಿರೆಲ್ಲ ಇಂಥ ಮಾತು ಆಡುತ್ತಾರೇನು? ಮಡಿಯಲ್ಲಿ ಬದುಕಿದ ನಿಮ್ಮನ್ನು ತಡೆಯಲು ಯಾವ ಮಾತು ಸಾಕು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ.

ನೀವು ಕೈ ಹಿಂದಕ್ಕೆ ತೆಗೆದುಕೊಂಡಿರಿ. "ಹೌದಾ" ಎಂದಿರಿ, ಅಷ್ಟೇ. ಕೂಸಿನ ಮೂಗು ಒರೆಸುತ್ತ ಹೊರಗೆ ಹೋದಿರಿ. ಗೆಳತಿಯರು ಬಂದರು, ತಿಂದರು, ಹೊಗಳಿದರು. ಒಬ್ಬಳು ಡಬ್ಬಿಯಲ್ಲಿ ಕಟ್ಟಿಸಿಕೊಂಡೂ ಹೋದಳು.

ಮರುದಿನ ಬೆಳಿಗ್ಗೆ ನೈವೇದ್ಯದ ಪಾತ್ರೆಗಳು ಅಡುಗೆಮನೆಯ ಗೋಡೆಯ ಮಾಡದಲ್ಲಿ ಇರಲಿಲ್ಲ. ದೇವರ ಮನೆಗೆ ಹೋಗಿದ್ದವು. ನಿಮ್ಮೂರು ಯಂಕಂಚಿಯಿಂದ ಬರುವಾಗ ತಂದು ಅಟ್ಟಕ್ಕೇರಿಸಿದ್ದ ಇದ್ದಿಲೊಲೆ, ಆ ಶೆಗಡಿ, ಹಿತ್ತಲ ಪಡಸಾಲೆಗೆ ಇಳಿದಿತ್ತು. ಮಂಡಿ ಮಡಚಲಾರದ ನೀವು ಮಣೆಯ ಮೇಲೆ ಒಂದು ಕಾಲು ಚಾಚಿ ಕೂತು ಊದುತ್ತಿದ್ದಿರಿ. "ಚಾತುರ್ಮಾಸ ಬಂತಲ್ಲ. ಈ ನಾಲ್ಕು ತಿಂಗಳು ನಂದು ನಾ ಬ್ಯಾರೆ ಮಾಡ್ಕೋತೇನಿ" ಎಂದಿರಿ. ನಿಮ್ಮ ಮಗ ನಂಬಿದರು. ನಾನು ನಂಬಿದಂತೆ ಮಾಡಿದೆ. ಕಾರ್ತೀಕ ಮುಗಿಯಿತು. ಶೆಗಡಿ ಒಳಗೆ ಬರಲಿಲ್ಲ.

ಪ್ರತಿದಿನ ನಾಳೆ ಹೇಳುತ್ತೇನೆ ಎಂದುಕೊಂಡೆ. ತತ್ತಿ ಹಾಕಿರಲಿಲ್ಲ ಎಂದರೆ, ಮತ್ತೆ ಯಾಕೆ ಹಾಗೆ ಅಂದಿ ಎಂದು ಕೇಳುತ್ತಿದ್ದಿರಿ. ತತ್ತಿ ತಂದ ಸೊಸೆ ಎನ್ನಿಸಿಕೊಂಡು ಇರುವುದು ಸುಲಭವಿತ್ತು. ದವಡೆ ಹಲ್ಲಿಲ್ಲದ ಅತ್ತೆಗೆ ಒಂದು ಬಿಸ್ಕತ್ತು ಕೊಡದ ಸೊಸೆ ಎಂದು ನನ್ನ ಬಾಯಿಂದಲೇ ಹೇಗೆ ಹೇಳಲಿ?

ದೀಪಾವಳಿಯ ಹತ್ತಿರ ಶಾಂತವ್ವ ನಿಮ್ಮನ್ನು ಕೆಣಕಿದ್ದನ್ನು ನಾನು ಕೇಳಿಸಿಕೊಂಡೆ. "ಯಾಕ್ರೀ ಅಜ್ಜಿಯವರ, ಸೊಸಿ ಕೈ ಅಡಗಿ ನಾಲಿಗಿಗೆ ಹತ್ತೂದಿಲ್ಲೇನ್ರಿ?"

"ಏ, ಸುಮ್ನಿರ," ಎಂದಿರಿ. "ಆಕಿ ಕೂಸಿನ ಹಿಂದ ನಿದ್ದಿಗೆಟ್ಟಾಳ. ನಾ ಕೂತು ಉಂಡ್ರ ನನಗ ಪಾಪ ಹತ್ತತದ."

ನಿಮ್ಮ ಅಡುಗೆಮನೆ ಕೆಟ್ಟಿತೆಂದು ನಂಬಿಯೂ ನನ್ನ ಹೆಸರು ಕೆಡಲು ಬಿಡಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ, ಗೂಟದ ಮಾತು ಕೇಳಿದ ಅದೇ ಬಾಗಿಲ ಹಿಂದೆ. ಆಗಲಾದರೂ ಹೊರಗೆ ಬರಬೇಕಿತ್ತು.

ವಿಜಯಪುರದ ಆಸ್ಪತ್ರೆಯ ಕೊನೆಯ ಮಧ್ಯಾಹ್ನ ನಿಮ್ಮ ಮಗ ಔಷಧಿ ತರಲು ಕೆಳಗೆ ಹೋಗಿದ್ದರು. ಚಮಚದಲ್ಲಿ ನೀರು ಹಿಡಿದೆ. ಐದು ತಿಂಗಳ ಮೇಲೆ ನನ್ನ ಕೈಯಿಂದ ಬಾಯಿ ತೆರೆದಿರಿ. "ಅತ್ಯಾರ, ಅವತ್ತ..." ಎಂದೆ. "ಕೂಸು ಉಂಡಿತೇನ?" ಎಂದಿರಿ. "ಉಂಡದರಿ" ಎಂದೆ. ಆಮೇಲೆ ನಿಮ್ಮ ಕಣ್ಣು ಮುಚ್ಚಿತು. ನಿದ್ದೆ ಹತ್ತಿತೆಂದು ಸುಮ್ಮನಾದೆ. ಅಲ್ಲ, ಸುಮ್ಮನಾಗಲು ನೆವ ಸಿಕ್ಕಿತು.

ಇದು ನನ್ನೊಬ್ಬಳ ಪಾಡಾಗಿದ್ದರೆ ನುಂಗಿಕೊಂಡು ಇದ್ದುಬಿಡುತ್ತಿದ್ದೆನೇನೋ. ಆದರೆ ನೀವು ಶೆಗಡಿ ಇಳಿಸಿದ ಅದೇ ವಾರ, ನೀವೊಬ್ಬರೇ ಬಸ್ಸು ಹತ್ತಿ ಯಂಕಂಚಿಗೆ ಹೋಗಿ ಬಂದಿರೆಂದು ನಿಮ್ಮ ಮಗ ಒದರಾಡಿದ್ದರಲ್ಲ, "ಮನ್ಯಾಗ ಸುಮ್ನ ಕೂತು ತಿನ್ಲಿಕ್ಕೆ ಏನಾಗ್ತದ ನಿನಗ?" ಎಂದು. ಕಾರ್ತೀಕ ಮುಗಿದ ಮೇಲೂ ಶೆಗಡಿ ಒಳಗೆ ಬಾರದಾಗ, ಆ ಮಾತಿಗೇ ನೀವು ಮನೆಯ ಅನ್ನ ಬಿಟ್ಟಿರಿ ಎಂದು ಅವರು ತಿಳಿದರು. "ಸಿಟ್ಟೇನ ಅವ್ವಾ?" ಎಂದು ಎಷ್ಟು ಸಲ ಕೇಳಿದರು. ನೀವು "ಹುಚ್ಚಪ್ಪಾ, ಸಿಟ್ಟ್ಯಾಕ" ಎಂದಿರಿ, ಕಾರಣ ಹೇಳಲಿಲ್ಲ, ನನ್ನನ್ನು ಉಳಿಸಲು. ನೀವು ಹೋದ ಮೇಲೆ ಅವರು ಸಿಹಿ ಬಿಟ್ಟರು. "ಅವ್ವ ನನ್ನ ಮಾತಿಗೆ ಅನ್ನ ಬಿಟ್ಲು. ನಾ ಒಂದು ವರ್ಷ ಸಿಹಿ ಬಿಡ್ತೇನಿ" ಎಂದರು. ಮುದ್ದೇಬಿಹಾಳದಿಂದ ನಿಮ್ಮ ಮಗಳು ಸುಧಕ್ಕ ಫೋನಿನಲ್ಲಿ ಅದನ್ನೇ ಎತ್ತಿ ಆಡಿದರೂ ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಪಕ್ಕದಲ್ಲೇ ಕೂಸಿಗೆ ಅನ್ನ ಕಲಸುತ್ತಿದ್ದೆ.

ಹೋದ ವಾರ ನಿಮ್ಮ ವರ್ಷದ ಕಾರ್ಯವೆಲ್ಲ ಮುಗಿದ ಮರುದಿನ ನಿಮ್ಮ ಮಗನ ಎಲೆಗೆ ಹೋಳಿಗೆ ಬಡಿಸಿದೆ. ಅವರು ಅದನ್ನು ಎಲೆಯ ತುದಿಗೆ ಸರಿಸಿದರು. "ವರ್ಷ ಆತಲ್ರಿ" ಎಂದೆ. "ನನಗ ಇನ್ನೂ ಗಂಟಲದಾಗ ಇಳಿಯೂದಿಲ್ಲ" ಎಂದರು. ಇನ್ನೆಷ್ಟು ವರ್ಷ ನನ್ನ ಸುಳ್ಳನ್ನು ಅವರು ಹೊರಬೇಕು?

ನಿನ್ನೆ ರವಿವಾರ. ಮಧ್ಯಾಹ್ನ ಅದೇ ಅಳತೆಯಲ್ಲಿ ಬಿಸ್ಕತ್ತು ಮಾಡಿದೆ. ತಟ್ಟೆ ಅವರ ಮುಂದಿಟ್ಟು ಎಲ್ಲ ಹೇಳಿದೆ. ನಿಂತೇ ಹೇಳಿದೆ, ಕೂತರೆ ಅಳು ಬರುತ್ತಿತ್ತು, ಅತ್ತರೆ ಅವರು ಸಮಾಧಾನ ಮಾಡಬೇಕಾಗುತ್ತಿತ್ತು.

"ತತ್ತಿ ಇರಲಿಲ್ಲ?" ಎಂದು ಕೇಳಿದರು.

"ಇರಲಿಲ್ರಿ. ಬೆಣ್ಣಿ ಸುದ್ದಾ ಅವರ ಕೈದ ಇತ್ತು."

"ಹೇಳ್ಲಿಕ್ಕೆ ಐದು ತಿಂಗಳು ಸಿಗಲಿಲ್ಲೇನ ನಿನಗ?"

ಅವರು ಎದ್ದು ಹಿತ್ತಲಿಗೆ ಹೋದರು, ತಣ್ಣಗಿನ ಶೆಗಡಿಯ ಪಕ್ಕ ನಿಮ್ಮ ಮಣೆಯ ಮೇಲೆ ಬಹಳ ಹೊತ್ತು ಕೂತರು. ಕೂಸು ಹೋಗಿ ಅವರ ಬೆನ್ನಿಗೆ ಜೋತುಬಿದ್ದರೂ ತಿರುಗಲಿಲ್ಲ. ಮತ್ತೆ ಒಳಗೆ ಬಂದು ತಟ್ಟೆಯಿಂದ ಒಂದು ತೆಗೆದುಕೊಂಡರು. ಒಂದು ವರ್ಷದ ಮೇಲಿನ ಮೊದಲ ಸಿಹಿ ಅದು. ಬಾಯ ಬದಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಹಲ್ಲಿನಿಂದ ಕಡಿದು, ನಾಲಿಗೆಯ ಮೇಲಿಟ್ಟು, ಅಂಗುಳಕ್ಕೆ ಒತ್ತಿ ನೋಡಿದರು, ನಿಮ್ಮ ಹಾಗೆ.

"ಮೆತ್ತಗ ಅದ," ಎಂದರು. "ಅವ್ವಗ ನಡೀತಿತ್ತು."

ಅಷ್ಟು ಬಿಟ್ಟರೆ ನಿನ್ನೆಯಿಂದ ನನ್ನೊಡನೆ ಮಾತಾಡಿಲ್ಲ. ಸುಧಕ್ಕನಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಹೇಳಿದೆ. ಅವರೂ ಪೂರ್ತಿ ಕೇಳಿ ಇಟ್ಟುಬಿಟ್ಟರು. ಇದು ಇಷ್ಟಕ್ಕೆ ತೀರುವುದಲ್ಲ ಎಂದು ಗೊತ್ತಿದೆ ಅತ್ತೆ. ಕ್ಷಮಿಸಿ ಎಂದು ಬರೆಯಲೂ ಕೈ ಬರುತ್ತಿಲ್ಲ. ನೀವು ಕೇಳಿದ್ದು ಒಂದು ಬಿಸ್ಕತ್ತು.

ಒಂದು ಮಾತು ಮಾತ್ರ ಉಳಿದಿದೆ. ಶಾಂತವ್ವ ಈಗಲೂ ಓಣಿಯಲ್ಲಿ ಹೇಳುತ್ತಾಳೆ: "ಆ ಅಜ್ಜಿ ಭಾಳ ಬಿಗಿ ಇದ್ಲು ಬಿಡ್ರಿ, ಸೊಸಿ ಕೈಯಾಗ ನೀರೂ ಕುಡೀಲಿಲ್ಲ." ನಾನು ಇದುವರೆಗೆ ಹಾಲಿನ ಪಾತ್ರೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದೆ. ನಾಳೆ ಅವಳನ್ನು ಕಟ್ಟೆಯ ಮೇಲೆ ಕೂಡಿಸಿ, ಕೈಗೊಂದು ಬಿಸ್ಕತ್ತು ಕೊಟ್ಟು, ಆದದ್ದೆಲ್ಲ ಹೇಳುತ್ತೇನೆ. ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ನಿಮಗೆ ಗೊತ್ತಲ್ಲ. ಹಾಲಿನ ಜೊತೆ ಮನೆಮನೆಗೆ ಹಾಕುತ್ತಾಳೆ.

ಹಾಕಲಿ.

ನಿಮ್ಮ ಸೊಸೆ,
ವೀಣಾ