ಹೊರಗಿನ ಬೆಂಚಿನಲ್ಲಿ ಅವ್ವ

ಗಾದಿಗನೂರು
ಭಾನುವಾರ

ಚಂದ್ರಕಲಾ ಮೇಡಂ ಅವರಿಗೆ, ನಮಸ್ಕಾರ.

ಗುರುವಾರ ಕಾಲೇಜು ಪತ್ರಿಕೆಗಾಗಿ ನಿಮ್ಮ ಸಂದರ್ಶನ ಮಾಡಲು ನೀವು ಮ್ಯಾನೇಜರ್ ಆಗಿರುವ ಕಂಪ್ಲಿಯ ಬ್ಯಾಂಕಿಗೆ ಬರಲಿರುವ ಬಿ.ಕಾಂ. ವಿದ್ಯಾರ್ಥಿನಿ ನಾನು. "ಸಾಲ ಇಲ್ಲ ಅನ್ನುವಾಗ ಮುಖ ನೋಡಿ ಕಾರಣ ಹೇಳಬೇಕು" ಎಂದು ನೀವು ನಮ್ಮ ಕಾಲೇಜಿನಲ್ಲಿ ಹೇಳಿದ ದಿನದಿಂದ ಪ್ರಶ್ನೆಗಳನ್ನು ಬರೆಯುತ್ತಿದ್ದೇನೆ.

ಮನೆಯಲ್ಲಿ ಬಾಯಿತಪ್ಪಿ ‘ಇಂಟರ್‌ವ್ಯೂ’ ಅಂದುಬಿಟ್ಟೆ. ಅವ್ವ ಅದನ್ನು ನೌಕರಿಯ ಇಂಟರ್‌ವ್ಯೂ ಅಂದುಕೊಂಡಳು. ಕೇಳುವವಳು ನಾನು ಎಂದು ಎಷ್ಟು ಸಲ ಹೇಳಿದರೂ, "ದೊಡ್ಡೋರನ್ನ ನೀ ಏನ್ ಕೇಳ್ತೀಯಲೇ? ಅವರು ಕೇಳಿದ್ದಕ್ಕ ಜವಾಬು ಕೊಟ್ಟು ಬಾ" ಅನ್ನುತ್ತಾಳೆ.

ಮೊನ್ನೆ ಸಂಡೂರಿನಿಂದ ನನ್ನನ್ನು ನೋಡಲು ಬರುತ್ತೇವೆಂದ ಗಂಡಿನ ಕಡೆಯವರಿಗೆ ಅವಳೇ ಫೋನ್ ಮಾಡಿ, "ಅಕಿಗೆ ಬ್ಯಾಂಕಿನ್ಯಾಗ ಇಂಟರ್‌ವ್ಯೂ ಐತ್ರಿ, ಈಗ ಬ್ಯಾಡ್ರಿ" ಅಂದಳು. ಅವತ್ತಿನಿಂದ ಅವಳನ್ನು ತಿದ್ದುವುದು ಬಿಟ್ಟಿದ್ದೇನೆ. ಹೇಳಿ ಹೇಳಿ ಸಾಕಾಗಿದೆ ಮೇಡಂ, ಗಂಡಿನ ಕಡೆಯವರು ಬರದೇ ಇದ್ದದ್ದೂ ನನಗೆ ಒಳ್ಳೆಯದೇ ಆಯಿತು. ಇದನ್ನೆಲ್ಲ ನಿಮಗೆ ಫೋನಿನಲ್ಲಿ ಹೇಳಿದರೆ ಮನೆಯಲ್ಲಿ ಎಲ್ಲರಿಗೂ ಕೇಳಿಸುತ್ತದೆ, ಅದಕ್ಕೇ ಈ ಪತ್ರ.

ಗುರುವಾರ ಅವ್ವ ಕೂಲಿ ಬಿಟ್ಟು ನನ್ನ ಜೊತೆ ಬರುತ್ತಾಳೆ, ನಿಮ್ಮ ಕೋಣೆಯ ಹೊರಗೆ ಬೆಂಚಿನಲ್ಲಿ ಕೂತಿರುತ್ತಾಳೆ. ನೀವು ಅವಳಿಗೆ ಸುಳ್ಳು ಹೇಳುವುದು ಬೇಡ. ನನ್ನ ಪ್ರಶ್ನೆಗಳು ಮುಗಿದ ಮೇಲೆ ನೀವೂ ನನಗೊಂದು ಪ್ರಶ್ನೆ ಕೇಳಿ. ಕಷ್ಟದ್ದೇ ಇರಲಿ.

ಹೊರಗೆ ಬಂದ ಕೂಡಲೇ ಅವ್ವ, "ಏನ್ ಕೇಳಿದ್ರವಾ?" ಅನ್ನುತ್ತಾಳೆ. ಅವಳಿಗೆ ಹೇಳಲು ಒಂದಾದರೂ ನಿಜ ನನ್ನ ಹತ್ತಿರ ಇರಬೇಕು.

ಇಂತಿ,
ಗಂಗೋತ್ರಿ